ಮಿಠಾಯಿ ಕಾಗದದ ಗೋಪುರ

ಏಳು ಬೆಟ್ಟಗಳಾಚೆಯ ಒಂದೂರಲ್ಲಿ ಒಬ್ಬ ಅಜ್ಜಿ ಇದ್ದಳು. ಕೂಡಿಟ್ಟ ಮಿಠಾಯಿ ಕಾಗದಗಳಿಂದ ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಮೂರು ಗೋಪುರದ ಗೋದಲಿ ಕಟ್ಟಿದಳು. ನಡುವೆ ಹೆಬ್ಬೆರಳಷ್ಟು ಏಸುಕೂಸು. ಕಟ್ಟಿ ಮುಗಿಸುವಷ್ಟರಲ್ಲಿ ಕಣ್ಣು ಮಂಜಾಯಿತು. "ಕ್ರಾಕೋವ್ ಪಟ್ಟಣದ ಗೋದಲಿ ಸ್ಪರ್ಧೆಗೆ, ಅಲ್ಲಿನ ಚೌಕದ ಪ್ರತಿಮೆ ಕೆಳಗೆ, ಚರ್ಚಿನ ಗೋಪುರದಿಂದ ಮಧ್ಯಾಹ್ನ ಹನ್ನೆರಡರ ಕಹಳೆ ಊದೋದ್ರೊಳಗೆ, ನೀನೇ ಇದನ್ನ ಇಡಬೇಕು," ಎಂದು ಮೊಮ್ಮಗಳು ಬ್ರೋನ್ಯಾಳಿಂದ ಮಾತು ತೆಗೆದುಕೊಂಡಳು.

ಬ್ರೋನ್ಯಾ ಬಸ್ಸು ಹತ್ತಿ, ಟ್ರಾಮು ಹಿಡಿದು ಚೌಕಕ್ಕೆ ಬಂದದ್ದಾಯಿತು. ಕ್ರಿಸ್‌ಮಸ್ ಸಂತೆಯ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಾಗಿ ನಡುಗೋಪುರ ಮುರಿದೇಹೋಯಿತು.

ಪ್ರತಿಮೆಯ ಮೆಟ್ಟಿಲುಗಳ ಮೇಲೆ ಪಟ್ಟಣದವರ ಆಳೆತ್ತರದ ಗೋದಲಿಗಳು ಮಿರಮಿರ ಮಿಂಚುತ್ತಿದ್ದವು. ತನ್ನದನ್ನು ಒರೆಸುತ್ತಿದ್ದ ಮೀಸೆಯ ಮುದುಕನೊಬ್ಬ ನಕ್ಕ.

"ಏನಮ್ಮಾ, ಏಸಪ್ಪನ ಮನೆ ಬಿದ್ದೇಹೋಗಿದೆಯಲ್ಲ! ಸುಮ್ನೆ ವಾಪಸ್ ತಗೊಂಡ್ಹೋಗು."

"ಅವನು ಹುಟ್ಟಿದ ಕೊಟ್ಟಿಗೆಗೆ ಎಷ್ಟು ಗೋಪುರ ಇತ್ತು ತಾತಾ?" ಎಂದಳು ಬ್ರೋನ್ಯಾ.

ಅಲ್ಲೇ ಹಿಮದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ದಾರಿಗೆಂದು ಅಜ್ಜಿ ಕೊಟ್ಟ ಚಾಕೊಲೇಟನ್ನು ಬಾಯಿಗಿಟ್ಟುಕೊಂಡು, ಅದರ ಕೆಂಪು ಕಾಗದವನ್ನು ಮುರಿದ ಜಾಗಕ್ಕೆ ಬಿಗಿಯಾಗಿ ಸುತ್ತಿದಳು. ಗೋಪುರ ಸೊಟ್ಟಗೆ ನಿಂತಿತು, ಆದರೂ ನಿಂತಿತು. ಕಹಳೆಯ ಮೊದಲ ದನಿ ಏಳುವ ಮುನ್ನ ಮುದುಕನ ಗೋದಲಿಯ ಪಕ್ಕಕ್ಕೇ ಅಜ್ಜಿಯದನ್ನು ಇಟ್ಟಳು.