ಗುಂಡುಸೂಜಿ ಚುಚ್ಚಿದ ಗೊಂಬೆ

ನಮ್ಮ ಓಣಿಯಲ್ಲಿ ಮಧ್ಯಾಹ್ನವೆಂದರೆ ಅರೆನಿದ್ದೆಯ ಹೊತ್ತು. ಒಂದು ಕಡೆ ದರ್ಜಿಯಕ್ಕನ ಹೊಲಿಗೆ ಯಂತ್ರದ ಜೋಗುಳ. ಎದುರುಮನೆಯ ಕಿಟಕಿಯಲ್ಲಿ ಅಲ್ಲಿ ಒಂಟಿಯಾಗಿರುವ ಗೊಂಬೆಯಜ್ಜಿಯ ಹತ್ತಿರ ರಿಪೇರಿಗೆ ಬಂದ ಗೊಂಬೆಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ಆ ದಿನ ಯಂತ್ರ ನಿಂತಿತ್ತು. ದರ್ಜಿಯಕ್ಕನ ಮಗಳು ಪುಟ್ಟಿಗೆ ಜ್ವರ. ಗೋಡೆ ನೀರಿನ ಹಾಗೆ ಅಲುಗುತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಕನವರಿಸುತ್ತಿದ್ದಳು.

ಆಸ್ಪತ್ರೆಯ ನರ್ಸಮ್ಮ ಔಷಧಿ ತಂದರೆ ದರ್ಜಿಯಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಇದು ಔಷಧಿಗೆ ಬಗ್ಗೋ ಜ್ವರ ಅಲ್ಲ ನರ್ಸಮ್ಮ. ಆ ಕಿಟಕೀಲಿ ನೋಡಿ, ನಮ್ಮ ಪುಟ್ಟಿ ಆಡೋ ಗೊಂಬೆ! ತೋಳಿಗೆಲ್ಲ ಗುಂಡುಸೂಜಿ ಚುಚ್ಚಿಟ್ಟಿದಾಳೆ ಮುದುಕಿ. ಬಾಗಿಲು ಹಾಕ್ಕೊಂಡು ಸೈತಾನನ ಪೂಜೆ ಮಾಡ್ತಾಳಂತೆ."

"ಯಾರು ನೋಡಿದ್ರು?"

"ಗುಟ್ಟಾಗಿ ಮಾಡೋದನ್ನ ಯಾರು ನೋಡ್ತಾರೆ? ಸಾಯಂಕಾಲ ನಮ್ಮನೆಯವರು ಬರ್ಲಿ, ಎಲ್ಲಾ ಸೇರಿ ಅವಳ ಸಾಮಾನು ಬೀದಿಗೆ ಹಾಕ್ತೀವಿ."

ಇಂಥ ಮಾತಿಗೆ ರೆಕ್ಕೆಪುಕ್ಕ ಹುಟ್ಟುವುದು ಬಲು ಬೇಗ. ಬೆಳಿಗ್ಗೆ ಯಾರೋ "ಇರಬಹುದು" ಅಂದದ್ದು ಮಧ್ಯಾಹ್ನಕ್ಕೆ "ಹೌದಂತೆ" ಆಗಿತ್ತು.

ನರ್ಸಮ್ಮ ಹೊಸ್ತಿಲಲ್ಲೇ ಕೂತರು. "ಹಿಂದೆ ಎಷ್ಟೋ ದೇಶಗಳಲ್ಲಿ ಹೀಗೇ ಆಯ್ತು ಕಣಮ್ಮ. ಸೈತಾನನ ಜೊತೆ ಒಪ್ಪಂದ ಮಾಡ್ಕೊಂಡಿದಾಳೆ, ಕತ್ತಲಲ್ಲಿ ಕೂಟ ಸೇರ್ತಾಳೆ ಅಂತ ಯಾರೋ ಒಬ್ಬಳನ್ನ ಹಿಡ್ಕೊಂಡು ಹೋಗೋರು. ಹಿಂಸೆ ಕೊಟ್ಟು ಒಪ್ಪಿಸೋರು. ನೋವು ತಾಳಲಾರ್ದೆ ಅವಳು ಇನ್ನೊಬ್ಬಳ ಹೆಸರು ಹೇಳೋಳು. ಸಾವಿರಾರು ಜನ ಸತ್ತರು. ಬಹಳಷ್ಟು ಹೆಂಗಸರೇ, ಅದರಲ್ಲೂ ಒಂಟಿ ಮುದುಕೀರು ಎಷ್ಟೋ ಜನ. ಆ ಗುಟ್ಟಿನ ಚರಿತ್ರೆ ಬಗೆದ್ರೆ ಹೆಚ್ಚಾಗಿ ಸಿಗೋದು ಸೈತಾನ ಅಲ್ಲ, ಹೆದರಿದ ನೆರೆಹೊರೆ."

"ಮತ್ತೆ ಆ ಸೂಜಿ?"

ನರ್ಸಮ್ಮ ಯಂತ್ರದ ಮೇಲಿದ್ದ ಅರ್ಧ ಹೊಲಿದ ಅಂಗಿ ತೋರಿಸಿದರು. "ಈ ಕಾಲರಿಗೆ ನೀನು ಯಾಕೆ ಚುಚ್ಚಿದೀಯ? ಯಾರಿಗೆ ಮಾಟ?"

"ಅಯ್ಯೋ, ಹೊಲಿಯೋವರ್ಗೂ ಜರುಗದೆ ಇರ್ಲಿ ಅಂತ..." ದರ್ಜಿಯಕ್ಕ ತಿರುಗಿ ಎದುರುಮನೆಯ ಕಿಟಕಿ ನೋಡಿದಳು.

ಒಳಗಿನಿಂದ ಪುಟ್ಟಿಯ ದನಿ ದೂರದ ಕನಸಿನಿಂದ ಬಂದಂತೆ ಬಂತು. "ಅಮ್ಮಾ, ಗೊಂಬೆ ತೋಳು ಅಂಟ್ಕೊಳ್ತಾ? ಮುರಿದಿದ್ದಕ್ಕೆ ಬೈತೀಯ ಅಂತ ನಾನೇ ಅಜ್ಜಿಗೆ ಕೊಟ್ಟೆ. ಅಂಟು ಒಣಗೋವರ್ಗೂ ಸೂಜಿ ಹಿಡ್ಕೊಂಡಿರುತ್ತಂತೆ."

ದರ್ಜಿಯಕ್ಕನ ಮುಖ ಸಣ್ಣದಾಯಿತು. ದಾರಿ ಬಿಟ್ಟಳು. ಔಷಧಿ ಒಳಗೆ ಹೋಯಿತು, ಸಂಜೆಯ ಹೊತ್ತಿಗೆ ಪುಟ್ಟಿಯ ಹಣೆ ಬೆವರಿತು. ನಾಳೆ ಆಸ್ಪತ್ರೆಗೆ ಕರೆತನ್ನಿ ಎಂದು ನರ್ಸಮ್ಮ ಹೊರಟರು.

ಗಂಡ ತೋಳೇರಿಸಿಕೊಂಡೇ ಬಂದ. "ನಡಿ, ಮುದುಕಿ ಸಾಮಾನು ಹೊರಗೆ ಹಾಕೋಣ."

"ಸಾಮಾನು ಮುಟ್ಟಬೇಡಿ," ಎಂದಳು ದರ್ಜಿಯಕ್ಕ. ಕೇಳಿದ್ದನ್ನೆಲ್ಲ ಹೇಳಿ ಅವನ ಕೈಗೆ ಸುತ್ತಿಗೆ ಕೊಟ್ಟಳು. "ನಾನೀಗ ಹೋಗಿ ಕೇಳ್ಕೊಂಡು ಬಂದೆ. ಅಜ್ಜಿ ಮನೆ ಕಿಟಕಿ ಸಡಿಲ ಆಗಿದೆ. ಗಾಳಿಗೆ ಧೂಳು ಬಂದು ಗೊಂಬೆಗೆ ಬಳಿದ ಹಸಿ ಬಣ್ಣಕ್ಕೆ ಮೆತ್ಕೊಳುತ್ತಂತೆ, ಅದಕ್ಕೇ ಪಾಪ ಬಾಗಿಲೂ ಹಾಕ್ಕೊಂಡಿರ್ತಾರೆ. ರಿಪೇರಿ ಮಾಡಿ."

ಸುತ್ತಿಗೆಯ ಸದ್ದು ಓಣಿಯಲ್ಲೆಲ್ಲ ಕೇಳಿಸಿತು. ತಮ್ಮ ಸಾಮಾನು ಬೀದಿಗೆ ಬೀಳುವುದರಲ್ಲಿತ್ತೆಂದು ಗೊಂಬೆಯಜ್ಜಿಗೆ ಇಂದಿಗೂ ಗೊತ್ತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಬಾಗಿಲು ಹಾಕಿಕೊಂಡು ಒಂಟಿಯಾಗಿ ಬದುಕುವವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಅವರ ಬಗ್ಗೆ ಪಿಸುಮಾತು ಬಂದರೆ ದಾಟಿಸಬೇಡಿ. ಜ್ವರ ಬಂದ ಮಗುವಿಗೆ ಮೊದಲು ಔಷಧಿ ಕೊಡಿಸಿ. ಆಮೇಲೆ ಹೋಗಿ ಆ ಬಾಗಿಲು ತಟ್ಟಿ, ಬಾಯಿಬಿಟ್ಟು ಕೇಳಿ.