ದಕ್ಷಿಣದ ಕಿಟಕಿ

ಓಲ್ಡ್‌ಹ್ಯಾಮಿನ ಹತ್ತಿಗಿರಣಿಯ ಧೂಳು ಕುಡಿದು ಕುಡಿದು ಹಿಲ್ಡಾಳ ಎದೆ ಸೋತಿತ್ತು. "ಔಷಧದಲ್ಲೇನಿಲ್ಲಮ್ಮ, ನಿಮಗೆ ಬಿಸಿಲು ಬೇಕು," ಎಂದಿದ್ದರು ಡಾಕ್ಟರು. ಆ ಬಿಸಿಲನ್ನು ಅರಸಿಯೇ ವಿಲ್ಫ್ರೆಡ್ ಹೆಂಡತಿಯನ್ನೂ ಹತ್ತು ವರ್ಷದ ಮಗಳು ಎನಿಡಳನ್ನೂ ಹಡಗು ಹತ್ತಿಸಿ, ಆರು ವಾರ ನೀರಿನ ಮೇಲೆ ತೇಲಿ, ಅಡಿಲೇಡಿಗೆ ಬಂದದ್ದು.

ಊರಾಚೆ ತುಂಡು ನೆಲ ಸಿಕ್ಕಿತು. ತಗಡಿನ ಶೆಡ್ಡಿನಲ್ಲಿ ಸಂಸಾರ. ಹಗಲು ಕಾರ್ಖಾನೆ, ಸಂಜೆ ಮತ್ತು ಭಾನುವಾರ ಗೋಡೆ. ಎಲ್ಲಕ್ಕಿಂತ ಮೊದಲು ಅಮ್ಮನ ಕೋಣೆ, ಅದಕ್ಕೆ ಗೋಡೆಯಗಲದ ಒಂದೇ ಕಿಟಕಿ. ದಿಕ್ಸೂಚಿ ಹಿಡಿದು ಅಪ್ಪ ನೆಲಕ್ಕೆ ಗೆರೆ ಎಳೆದ.

"ದಕ್ಷಿಣಕ್ಕೆ ಮುಖ ಮಾಡಿದ ಮನೇಲಿ ಸೂರ್ಯ ಬಾಡಿಗೆ ಕೊಡದೇ ಬಿದ್ದಿರ್ತಾನೆ ಅಂತಿದ್ಲು ನಮ್ಮಜ್ಜಿ," ಎಂದ.

"ನಿಮ್ಮಜ್ಜಿ ಮನೇಲಿ ಎಲ್ಲರೂ ಹಾಗೇ ಬಿದ್ದಿದ್ರು ಬಿಡು," ಎಂದು ಅಮ್ಮ ನಕ್ಕಳು. ನಗು ಕೆಮ್ಮಾಯಿತು.

ಗೋಡೆ ಎದೆಮಟ್ಟಕ್ಕೆ ಬಂದ ದಿನವೇ ಶಾಲೆಯಲ್ಲಿ ಟೀಚರು ಗೋಳ ತಿರುಗಿಸಿ, ಈ ಸೀಮೆಯಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ ಎಂದರು. ಎನಿಡ್ ಏದುಸಿರು ಬಿಡುತ್ತ ಮನೆಗೆ ಓಡಿದಳು. ಕಾರ್ಖಾನೆಯಿಂದ ಬಂದಿದ್ದ ಅಪ್ಪ ಗೋಡೆ ಕಟ್ಟುತ್ತ ಸಿಳ್ಳೆ ಹಾಕುತ್ತಿದ್ದ. ಊರು ಬಿಟ್ಟ ಮೇಲೆ ಅವನ ಸಿಳ್ಳೆ ಕೇಳಿದ್ದು ಅದೇ ಮೊದಲು. ಅವಳು ವಿಷಯ ಹೇಳದೆ ಅವನಿಗೆ ಇಟ್ಟಿಗೆ ಎತ್ತಿಕೊಟ್ಟಳು. ಅಪ್ಪನಿಗೆ ಗೊತ್ತಿಲ್ಲದ್ದು ಟೀಚರಿಗೇನು ಗೊತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಬೇಸಿಗೆಯ ಸಂಜೆಗಳಲ್ಲಿ ಓರೆ ಬಿಸಿಲು ಕಿಟಕಿಯೊಳಗೆ ಬಿದ್ದಾಗ ಟೀಚರು ಸುಳ್ಳಿಯೆಂದೇ ನಂಬಿದಳು.

ಜೂನ್ ಬಂತು, ಈ ಸೀಮೆಯ ಚಳಿ ಬಂತು. ಅಮ್ಮ ಹೊಸ ಕೋಣೆಯ ಮಂಚ ಹಿಡಿದಳು. ಬಿಸಿಲು ಬರಲಿಲ್ಲ. ಸುಣ್ಣದ ಗೋಡೆ ಬೆವರಿತು, ಹೊದಿಕೆ ತೇವವಾಯಿತು, ಕೆಮ್ಮಿಗೆ ರಕ್ತ ಸೇರಿತು.

ಪಕ್ಕದ ಮನೆಯ ಕ್ಲ್ಯಾರಿ ಬೇಲಿಯ ಮೇಲೆ ಮೊಣಕೈಯೂರಿ, "ಏನಯ್ಯಾ ಇಂಗ್ಲಿಷಿನವನೇ, ಪೆಂಗ್ವಿನ್ ಸಾಕ್ತೀಯಾ? ಇಷ್ಟು ದೊಡ್ಡ ಕಿಟಕಿ ಹಿಮದ ಕಡೆಗೆ ಇಟ್ಟಿದೀಯಲ್ಲ! ಸೂರ್ಯ ನಿನ್ನ ಬೆನ್ನ ಹಿಂದೆ ಇದಾನೆ ಮಾರಾಯ," ಎಂದ.

ಅಪ್ಪ ತಿರುಗಿ ನೋಡಿದ. ಉತ್ತರದ ಕುರುಡುಗೋಡೆಯ ಮೇಲೆ ಬಿಸಿಲು ಹಾಲಿನಂತೆ ಸುರಿಯುತ್ತಿತ್ತು. ಅವನು ಸುತ್ತಿಗೆ ತಂದ.

"ಬೇಡ ವಿಲ್ಫ್," ಒಳಗಿಂದ ಅಮ್ಮ ಅಂದಳು. "ಈ ಚಳೀಲಿ ಗೋಡೆ ಒಡೆದ್ರೆ ನಾನೆಲ್ಲಿ ಮಲಗ್ಲಿ? ಬೇಸಿಗೆ ಬರ್ಲಿ."

ಬೇಸಿಗೆಯ ತನಕ ಅವಳಿರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅಪ್ಪ ಮರುದಿನದಿಂದ ಕಾರ್ಖಾನೆಯಿಂದ ತಡವಾಗಿ ಬರತೊಡಗಿದ. ಬಂದರೂ ಆ ಕೋಣೆಯ ಹೊಸ್ತಿಲಲ್ಲೇ ನಿಲ್ಲುತ್ತಿದ್ದ.

"ನಂಗೆ ಗೊತ್ತಿತ್ತಮ್ಮಾ," ಒಂದು ಮಧ್ಯಾಹ್ನ ಎನಿಡ್ ಬಿಕ್ಕಿದಳು. "ಟೀಚರ್ ಹೇಳಿದ್ರು. ನಾನು ಹೇಳ್ಲಿಲ್ಲ."

ಅಮ್ಮ ಅವಳ ಕೆನ್ನೆ ಒರೆಸಿದಳು. "ಅಪ್ಪಂಗೆ ಇದನ್ನ ಯಾವತ್ತೂ ಹೇಳ್ಬೇಡ. ಈಗ ಆ ಪರದೆ ಎಳಿ, ಪುಟ್ಟಾ. ಅವನು ಬಂದಾಗ ಕಿಟಕಿ ಕಣ್ಣಿಗೆ ಬೀಳ್ಬಾರ್ದು."

ಎನಿಡ್ ಪರದೆ ಎಳೆದಳು. ಕೋಣೆ ಮೊದಲಿಗಿಂತ ಹೆಚ್ಚೇನೂ ಕತ್ತಲಾಗಲಿಲ್ಲ.