ಮೂರು, ಐದು, ಏಳು

ವಾರ ಎಲ್ಲಿಂದ ಶುರುವಾದರೂ ಕಂಪ್ಯೂಟರಿಗೆ ಒಂದೇ. ಮನುಷ್ಯರಿಗೆ ಹಾಗಲ್ಲ. ಪಡೀಲಿನ ಆ ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ಹನ್ನೆರಡು ವರ್ಷ ಗುಮಾಸ್ತರಾಗಿದ್ದ ಅಲ್ಫೋನ್ಸರಿಗೆ ವಾರವೆಂದರೆ ಇಗರ್ಜಿಗೆ ಹೋಗುವ ಭಾನುವಾರದಿಂದ. ಭಾನುವಾರ ಒಂದು, ಸೋಮವಾರ ಎರಡು. ರೋಗಿಗಳ ಹೆಸರಿನೆದುರು ಬರೀ ಅಂಕಿ ಹಾಕುತ್ತಿದ್ದರು; ಉಳಿದದ್ದು ಅವರ ತಲೆಯಲ್ಲಿತ್ತು. ನಿವೃತ್ತಿಯ ದಿನ ಆ ತಲೆಯನ್ನೂ ಮನೆಗೆ ಕೊಂಡುಹೋದರು.

ಅವರ ಕುರ್ಚಿಗೆ ಬಂದ ಸಂಚಿತಾಳಿಗೆ ಅಂಕಿ ನೋಡಿ ತಲೆಬಿಸಿ. ಒಂದು ಅಂದರೆ ಸೋಮವಾರ ತಾನೇ, ಕೆಲಸ ಶುರುವಾಗುವ ದಿನ? ಯಾರನ್ನೂ ಕೇಳಲಿಲ್ಲ. ಎಕ್ಸೆಲ್‌ನಲ್ಲಿ ಚೂಸ್ ಎಂಬ ಫಾರ್ಮುಲಾ ಹಾಕಿ, ಸೋಮವಾರದಿಂದ ಏಳೂ ಹೆಸರು ಸಾಲಾಗಿ ಬರೆದು ಕೆಳಕ್ಕೆ ಎಳೆದಳು. ಅಂಕಿಗಳೆಲ್ಲ ಕಣ್ಣೆದುರೇ ಸೋಮ, ಮಂಗಳ, ಬುಧವಾರಗಳಾದವು. ಖುಷಿಯೋ ಖುಷಿ; ರಜೆಯ ಭಾನುವಾರವೂ ಪಟ್ಟಿಯಲ್ಲಿ ಬಂದದ್ದು ಕಣ್ಣಿಗೆ ಬೀಳಲಿಲ್ಲ. ಗುರುವಾರ ಎಲ್ಲರಿಗೂ ಪ್ರಿಂಟು ಹಂಚಿದಳು.

ಹಳೆಯ ರೋಗಿಗಳು ಓದದೆ ಕಿಸೆಗೆ ತುರುಕಿ, ರೂಢಿಯಂತೆಯೇ ಬಂದರು. ಬೆಂಗ್ರೆಯ ಮೀನುಗಾರ ಬೂಬಣ್ಣ ಹೊಸಬರು. ಅವರ ಅಂಕಿ ಮೂರು, ಐದು, ಏಳು. ಮುಂದಿನ ಸರದಿ ಶನಿವಾರ; ಚೀಟಿಯಲ್ಲಿ ಬುಧ, ಶುಕ್ರ, ಭಾನು. ಗುರುವಾರವಷ್ಟೇ ಡಯಾಲಿಸಿಸ್ ಆಗಿದ್ದರಿಂದ ಶುಕ್ರವಾರ ಬಿಟ್ಟು ಭಾನುವಾರ ಹೋಗುವುದೆಂದುಕೊಂಡರು. ಶನಿವಾರ ಹಾಸಿಗೆ ಖಾಲಿ ಬಿದ್ದಾಗ ಸಂಚಿತಾಳಿಗೆ ತಪ್ಪು ಗೊತ್ತಾಯಿತು. ಎರಡು ಸಲ ಫೋನು ಮಾಡಿದಳು, ಸ್ವಿಚ್ ಆಫ್. ಫಾರ್ಮುಲಾ ಸರಿಮಾಡಿ ಮನೆಗೆ ಹೋದಳು.

ಭಾನುವಾರ ಕೇಂದ್ರಕ್ಕೆ ರಜೆ. ಬೂಬಣ್ಣ, ಹೆಂಡತಿ ದಮಯಂತಿ, ಇಬ್ಬರೂ ಮುಚ್ಚಿದ ಶಟರಿನ ಮುಂದೆ ಕೂತು ಕೂತು ವಾಪಸಾದರು. ಸೋಮವಾರ ಬೆಳಗಾಗುವಷ್ಟರಲ್ಲಿ ಬೂಬಣ್ಣ ತೀರಿಕೊಂಡಿದ್ದರು.

ಬಾಯಿ ಬಿಡಬೇಡ ಎಂದು ಮೇನೇಜರು ತಾಕೀತು ಮಾಡಿದ್ದರು. ಹತ್ತು ದಿನ ಕಳೆದು ದಮಯಂತಿ ಗಂಡನ ಫೈಲು ಕೇಳಿಕೊಂಡು ಬಂದಳು.

"ನೀರು ನೀರು ಅಂತ ಹಟ ಮಾಡಿದ್ರು ಮೇಡಂ. ಡಾಕ್ಟರು ಬೇಡ ಅಂದಿದ್ರು, ಆದ್ರೂ ಭಾನುವಾರ ಒಂದು ಚೆಂಬು ಕೊಟ್ಟೆ. ನಾನೇ ಕೊಂದದ್ದು."

ಇದನ್ನು ಕೇಳಿಕೊಂಡು ಸುಮ್ಮನಿರುವಷ್ಟು ಕಲ್ಲು ಮನಸ್ಸು ಸಂಚಿತಾಳದ್ದಲ್ಲ. ನೌಕರಿ ಹೋದರೆ ಹೋಗಲಿ, ಈ ಹೆಂಗಸಿನ ಎದೆಯ ಭಾರವಾದರೂ ಇಳಿಯಲಿ ಅನ್ನಿಸಿತು.

"ನೀರಿಂದ ಅಲ್ಲ ಅಕ್ಕ. ಚೀಟಿಯಲ್ಲಿ ದಿನ ತಪ್ಪು ಹಾಕಿದ್ದು ನಾನು. ಅವರು ಶನಿವಾರ ಬರ್ಬೇಕಿತ್ತು. ನಿಮ್ಮದು ಎಂತದೂ ತಪ್ಪಿಲ್ಲ."

ಬೈಗುಳಕ್ಕೂ ಪೆಟ್ಟಿಗೂ ಸಂಚಿತಾ ತಯಾರಾಗಿದ್ದಳು. ದಮಯಂತಿ ಎರಡೂ ಮಾಡಲಿಲ್ಲ. ಮೇಜು ಹಿಡಿದುಕೊಂಡು ನಿಧಾನಕ್ಕೆ ನೆಲದ ಮೇಲೆ ಕೂತಳು.

"ಶನಿವಾರ ಬೆಳಿಗ್ಗೆ ಅಂಗಿ ಹಾಕಿ ನಿಂತಿದ್ರು ಇವರು. ಉಸಿರು ಕಟ್ತದೆ, ಇವತ್ತೇ ಹೋಗುವ ಮಾರಾಯ್ತಿ ಅಂತ. ಕಂಪ್ಯೂಟರಿನಲ್ಲಿ ಬಂದದ್ದು ಸುಳ್ಳಾಗ್ತದಾ ಅಂತ ಬೈದು ಕೂರಿಸಿದ್ದು ನಾನು."